ಕಾಲುವೆ ದಂಡೆಯ ಒಣಹುಲ್ಲು

ಸೊಸೆ ತವರಿನಿಂದ ಏನು ತಂದಳು ಎಂದು ಓಣಿಯಲ್ಲಿ ಯಾರಾದರೂ ಕೇಳಿದರೆ ತಾಯಕ್ಕನ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು.

"ಮಂದಿ ಸೊಸ್ತ್ಯಾರು ಬಂಗಾರ ತರ್ತಾರವ್ವಾ. ನಮ್ಮಾಕಿ ಲದ್ದಿ ತಂದಾಳ."

ಹಾಗೆ ನೋಡಿದರೆ ಸುಳ್ಳೇನಲ್ಲ. ಸೊಸೆ ರಮಾಳ ಅಪ್ಪ ಪಾಲಪ್ಪ ಕಂಪ್ಲಿಯಲ್ಲಿ ನಲವತ್ತು ವರ್ಷ ಟಾಂಗಾ ಹೊಡೆದವನು, ದಸರೆ ಮುಗಿದ ವಾರಕ್ಕೆ ತೀರಿಕೊಂಡಿದ್ದ. ಅವಳ ತಮ್ಮ ರಾಮಾಂಜಿನಿ ಗಾಡಿಯನ್ನು ಗುಜರಿಗೆ ಹಾಕಿ, ಕುದುರೆಯನ್ನೂ ಕೇಳಿದವರಿಗೆ ಕೊಟ್ಟುಬಿಡುವ ಮಾತಾಡಿದ. ರಮಾ ಅಳಲೂ ಇಲ್ಲ, ತಮ್ಮನ ಮೇಲೆ ಹರಿಹಾಯಲೂ ಇಲ್ಲ. ಅಪ್ಪನ ತಿಥಿಯ ಊಟ ಮುಗಿದ ಮರುದಿನ ಒಂದು ಟೆಂಪೊ ಕರೆಸಿ, ಬಿಳಿ ಕುದುರೆಯನ್ನು ಹತ್ತಿಸಿಕೊಂಡು ಹೊಸಪೇಟೆಗೆ ಬಂದಿಳಿದಳು. "ಇದರ ಹೆಸರು ಮಲ್ಲಿ. ಹದಿನಾರು ವರ್ಷ" ಎಂದಷ್ಟೇ ಹೇಳಿದಳು. ಯಶವಂತನಗರದ ಗಣಿ ಕಂಪನಿಯ ಬಸ್ಸು ಓಡಿಸುವ ಗಂಡ ಓಬಳಪ್ಪ ಕುದುರೆಯ ಸುತ್ತ ಒಂದು ಸುತ್ತು ಹಾಕಿ, "ಮದುವಿ ಮೆರವಣಿಗಿಗೆ ಬರ್ತೈತಿ ಬಿಡು" ಎಂದ. ಅಲ್ಲಿಗೆ ಚಿತ್ತವಾಡ್ಗಿಯ ಆ ಮನೆಯ ಹಿತ್ತಲಿನ ತಗಡಿನ ಷೆಡ್ಡು ಮಲ್ಲಿಯದಾಯಿತು.

ಕುದುರೆಯ ಜೊತೆ ಅಪ್ಪನ ಪದ್ಧತಿಯೂ ಬಂತು. ಕಾಲುವೆ ದಂಡೆಯ ಗರಿಕೆ ಕೊಯ್ದು, ಎರಡು ಬಿಸಿಲು ಒಣಗಿಸಿ, ಕಟ್ಟು ಕಟ್ಟಿದ ಹುಲ್ಲು. ಅದನ್ನು ಹಿಡಿಹಿಡಿಯಾಗಿ ಒದರಿ ದೂಳು ತೆಗೆಯಬೇಕು, ಬೂಸ್ಟು ಹಿಡಿದಿದೆಯೇ ಎಂದು ಮೂಸಿ ನೋಡಬೇಕು, ಆಮೇಲೆ ಗೋದಲಿಗೆ ಹಾಕಬೇಕು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಕುದುರೆಯ ಹೊಟ್ಟೆಯೊಳಗೆ ಹುಲ್ಲು ಸಾಗುತ್ತಲೇ ಇರಬೇಕು, ಕಾಳು ಒಂದು ಬೊಗಸೆ ಸಾಕು ಎನ್ನುತ್ತಿದ್ದ ಪಾಲಪ್ಪ. ರಮಾ ಬೆಳಿಗ್ಗೆ ಎದ್ದವಳೇ ಮೊದಲು ಗೋದಲಿಯಲ್ಲಿ ಹುಲ್ಲು ಎಷ್ಟು ಉಳಿದಿದೆ ನೋಡುತ್ತಿದ್ದಳು, ಆಮೇಲೆ ಲದ್ದಿ ಎಷ್ಟು ಬಿದ್ದಿದೆ ನೋಡುತ್ತಿದ್ದಳು. ಆಮೇಲೆ ಒಲೆ. ಗಂಡನ ಡಬ್ಬಿಗೆ ರೊಟ್ಟಿ, ಮಗಳು ಅಂಜಲಿಗೆ ಉಪ್ಪಿಟ್ಟು, ಅತ್ತೆಗೆ ಚಹಾ. ಅಪ್ಪ ಸತ್ತ ಮೇಲೆ ಅವಳು ನಕ್ಕಿದ್ದನ್ನೂ ಯಾರೂ ಕಾಣಲಿಲ್ಲ, ಅತ್ತಿದ್ದನ್ನೂ ಕಾಣಲಿಲ್ಲ. ಕೆಲಸ ಮಾತ್ರ ಒಂದೂ ತಪ್ಪಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಎದುರು ಮನೆಯ ಹಂಪಮ್ಮ ತಾಟಿನಲ್ಲಿ ನೆನೆಸಿದ ಕಡಲೆ, ಬೆಲ್ಲ ಹಿಡಿದು ಬಂದಳು. ಮೊಮ್ಮಗನ ಜ್ವರ ಎಂಟು ದಿನದಿಂದ ಇಳಿದಿರಲಿಲ್ಲ. "ಮೈಲಾರಲಿಂಗನ ವಾರ. ಅವನ ವಾಹನ ಬಿಳಿ ಕುದುರಿ ನಿಮ್ಮ ಮನ್ಯಾಗೈತಿ. ಎರಡು ಹಿಡಿ ತಿನ್ನಿಸ್ತೀನಿ ತಾಯಕ್ಕ" ಎಂದಳು. ಮಲ್ಲಿಯ ಹಣೆಗೆ ಭಂಡಾರ ಹಚ್ಚಿ, ಏಳುಕೋಟಿ ಎಂದು ಕೈಮುಗಿದು ತಿನ್ನಿಸಿದಳು. ಜ್ವರ ಮಂಗಳವಾರ ಇಳಿಯಿತು. ಗುಳಿಗೆಯನ್ನೂ ಕೊಟ್ಟಿದ್ದರು, ಆದರೆ ಗುಳಿಗೆಯ ಸುದ್ದಿ ಯಾರು ಕೇಳುತ್ತಾರೆ? ಮುಂದಿನ ಭಾನುವಾರ ಆರು ಜನ ಬಂದರು. ಶಿವರಾತ್ರಿಯ ಹೊತ್ತಿಗೆ ಮರಿಯಮ್ಮನಹಳ್ಳಿಯಿಂದ, ಸಂಡೂರು ಕಡೆಯಿಂದ ಆಟೊ ಮಾಡಿಕೊಂಡು ಬರತೊಡಗಿದರು.

ತಾಯಕ್ಕ ಲದ್ದಿಯ ಮಾತು ಬಿಟ್ಟಳು. ಭಾನುವಾರ ತಲೆಗೆ ನೀರು ಹಾಕಿಕೊಂಡು, ಇಳಕಲ್ ಸೀರೆ ಉಟ್ಟು, ಗೇಟಿನ ಬಳಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿ ಕೂರುವುದು ರೂಢಿಯಾಯಿತು. ಬಂದವರು ಮೊದಲು ಅವಳ ಕಾಲು ಮುಟ್ಟುತ್ತಿದ್ದರು. ಪಾಪ, ಅರವತ್ತಾರು ವರ್ಷದ ಬದುಕಿನಲ್ಲಿ ಗಂಡನಿಂದಾಗಲಿ ಮಗನಿಂದಾಗಲಿ ಒಂದು ಒಳ್ಳೆಯ ಮಾತು ಕೇಳದ ಹೆಣ್ಣುಮಗಳು ಆಕೆ. ಈಗ ಊರು ಕೇರಿಯವರು "ತಾಯವ್ವ, ತಾಯವ್ವ" ಎನ್ನುತ್ತಿದ್ದರೆ ಯಾರಿಗೆ ಬೇಡವಾಗುತ್ತದೆ?

ಆದರೆ ಸೋಮವಾರ ಬೆಳಿಗ್ಗೆ ಗೋದಲಿಯಲ್ಲಿ ಹುಲ್ಲು ಹಾಗೇ ಬಿದ್ದಿರುತ್ತಿತ್ತು.

"ಅತ್ತಿ, ನಿನ್ನೆ ಭಾಳ ಕಾಳು ತಿಂದೈತಿ. ಹುಲ್ಲು ಮುಟ್ಟಿಲ್ಲ" ಎಂದಳು ರಮಾ.

"ತಿನ್ನಲಿ ಬಿಡವ್ವಾ. ಕಡ್ಲಿ ಸಿಕ್ಕ ಮ್ಯಾಲ ಹುಲ್ಲು ಯಾಕ ತಿಂತತಿ? ನಿನಗ ಹೋಳಿಗಿ ಕೊಟ್ಟು ಕೈಯಾಗ ಒಣ ರೊಟ್ಟಿ ಹಿಡಿ ಅಂದ್ರ ಹಿಡೀತಿಯೇನು?"

"ಲದ್ದಿ ಸಣ್ಣಾಗೈತಿ. ಗಟ್ಟಿ ಉಂಡಿ ಉಂಡಿ ಬೀಳಾಕತ್ತೈತಿ."

"ಬೆಳಿಗ್ಗೆ ಎದ್ದು ಲದ್ದಿ ಸುದ್ದಿ! ಚಾ ಕುಡಿಯಾಕರ ಬಿಡ್ತಿಯೋ ಇಲ್ಲೋ?"

ಸಂಜೆ ಊಟಕ್ಕೆ ಕೂತಾಗ ಗಂಡನಿಗೂ ಹೇಳಿದಳು. ಓಬಳಪ್ಪ ಬದನೆಕಾಯಿ ಪಲ್ಯ ರೊಟ್ಟಿಗೆ ಹಚ್ಚಿಕೊಳ್ಳುತ್ತ, "ಹುಲ್ಲು ಉಳೀತು ಅಂದ್ರ ಒಳ್ಳೇದಾತಲ್ಲೇ. ಕಂಪ್ಲಿಯಿಂದ ತರೋ ತ್ರಾಸ ತಪ್ಪಿತು" ಎಂದ.

"ಅಪ್ಪಾ, ಕುದುರಿ ಹೊಟ್ಟಿ ಎಮ್ಮಿ ಹೊಟ್ಟಿ ಹಂಗಲ್ಲ" ಎಂದಳು ಅಂಜಲಿ. ಹತ್ತನೇ ಕ್ಲಾಸಿನ ಪರೀಕ್ಷೆಗೆ ಓದುತ್ತಿದ್ದ ಹುಡುಗಿ, ತಾಟಿನ ಪಕ್ಕದಲ್ಲೇ ವಿಜ್ಞಾನದ ಪುಸ್ತಕ. "ಅದಕ್ಕ ವಾಂತಿ ಮಾಡಾಕ ಬರೂದಿಲ್ಲ. ಒಳಗ ಹೋಗಿದ್ದು ಮುಂದ ಹೋಗಬೇಕು, ಇಲ್ಲಂದ್ರ ಅಲ್ಲೇ ಕುಂದ್ರತೈತಿ. ಮೊಬೈಲ್‌ನ್ಯಾಗ ನೋಡೀನಿ."

"ಪರೀಕ್ಷಿಗಿ ಕುದುರಿ ಹೊಟ್ಟಿ ಕೇಳ್ತಾರೇನು? ಓದು ಸುಮ್ನ" ಎಂದಳು ತಾಯಕ್ಕ. ಬೈದಳೇ ಹೊರತು ತನ್ನ ತಾಟಿನ ಮೊಸರನ್ನು ಮೊಮ್ಮಗಳ ತಾಟಿಗೆ ಸರಿಸಿದಳು. ಮನೆತನದಲ್ಲಿ ಹತ್ತನೇ ಕ್ಲಾಸು ಕಂಡವರು ಯಾರೂ ಇರಲಿಲ್ಲ. ಅಂಜಲಿಯ ಪರೀಕ್ಷೆಯೆಂದರೆ ತಾಯಕ್ಕನಿಗೆ ನಿದ್ದೆಯಲ್ಲೂ ಅದೇ ಧ್ಯಾನ.

ಪರೀಕ್ಷೆ ಮುಗಿದ ವಾರ, ಏಪ್ರಿಲ್ ಬಿಸಿಲಿನಲ್ಲಿ ಮಲ್ಲಿಗೆ ಮೊದಲ ಸಲ ಹೊಟ್ಟೆ ಕಟ್ಟಿತು. ಅದೂ ಸೋಮವಾರವೇ. ಮುಂಗಾಲಿನಿಂದ ನೆಲ ಕೆದರುತ್ತಿತ್ತು, ಕತ್ತು ತಿರುಗಿಸಿ ತನ್ನ ಪಕ್ಕೆಯನ್ನೇ ನೋಡುತ್ತಿತ್ತು, ಮಲಗುತ್ತಿತ್ತು, ಏಳುತ್ತಿತ್ತು. ಪಶು ಡಾಕ್ಟರು ಮನೋಹರ್ ಬಂದು ಸೂಜಿ ಹಾಕಿ, ಮೂಗಿನ ಮೂಲಕ ಪೈಪು ಇಳಿಸಿ ಎಣ್ಣೆ ಬಿಟ್ಟರು. ರಮಾ ಹಗ್ಗ ಹಿಡಿದು ಓಣಿಯ ಈ ತುದಿಯಿಂದ ಆ ತುದಿಗೆ ಮಧ್ಯಾಹ್ನದ ತನಕ ಅಡ್ಡಾಡಿಸಿದಳು. ಮೂರು ಗಂಟೆಗೆ ಲದ್ದಿ ಬಿತ್ತು. ಡಾಕ್ಟರು ಹಣೆ ಒರೆಸಿಕೊಂಡರು.

"ನೋಡ್ರಿ ಅಜ್ಜಿ" ಎಂದರು ತಾಯಕ್ಕನಿಗೇ. "ವಯಸ್ಸಾದ ಕುದುರಿ, ಹಲ್ಲು ಸವದಾವ. ಇನ್ನ ಒಂದು ತಿಂಗಳು ಒಣಹುಲ್ಲು, ನೀರು, ಉಪ್ಪು. ಇಷ್ಟ. ಹುಲ್ಲು ಹೋದ್ರ ಕರುಳು ಓಡ್ತಾವ. ಒಂದು ಕಾಳು ಕಡ್ಲಿ ಹಾಕಬ್ಯಾಡ್ರಿ. ಇನ್ನೊಮ್ಮೆ ಹಿಂಗಾದ್ರ ನನ್ನ ಕೈಲೆ ಆಗೂದಿಲ್ಲ."

"ಹರಕಿ ಹೊತ್ತು ಬಂದವರಿಗೆ ಏನ್ ಹೇಳೂದ್ರಿ ಸಾಹೇಬ್ರ?"

"ಡಾಕ್ಟರ್ ಬ್ಯಾಡ ಅಂದಾರ ಅಂತ ಹೇಳ್ರಿ."

ಹೇಳುವುದು ಸುಲಭ. ಮುಂದಿನ ಭಾನುವಾರ ರಮಾ ಷೆಡ್ಡಿನ ಬಾಗಿಲಿಗೆ ಅಡ್ಡ ನಿಂತಳು. ಬಂದವರಲ್ಲಿ ಕೆಲವರು ತಾಟು ಹಿಡಿದು ಸುಮ್ಮನೆ ಹಿಂದಿರುಗಿದರು, ಕೆಲವರು ಗೊಣಗಿದರು. ಚೋರನೂರಿನಿಂದ ಬಂದಿದ್ದ ಒಬ್ಬ ಮುದುಕಿಯಂತೂ "ದೇವರ ಬಾಯಿಗೆ ಅಡ್ಡ ನಿಂತವರು ಉದ್ಧಾರ ಆಗೂದಿಲ್ಲ" ಎಂದು ನೆಲಕ್ಕೆ ಕೈ ಬಡಿದು ಹೋದಳು. ತಾಯಕ್ಕ ಕುರ್ಚಿಯಿಂದ ಎದ್ದು ಒಳಗೆ ಬಂದಳು. ಅವಳ ಮುಖ ಕಪ್ಪಿಟ್ಟಿತ್ತು.

"ಓಣಿ ಮುಂದ ನನ್ನ ಮಾನ ಕಳದಿ."

"ಕುದುರಿ ಸಾಯ್ತಿತ್ತು ಅತ್ತಿ."

"ಒಂದೊಂದು ಕಾಳು ಮುಟ್ಟಿಸಿದ್ರ ಸಾಯ್ತಿತ್ತೇನು?"

"ಒಬ್ಬರದು ಒಂದು ಕಾಳು. ಮೂವತ್ತು ಮಂದಿದು?"

"ನಿಮ್ಮಪ್ಪನ ಕುದುರಿ ಅಂತ ಇಷ್ಟು ಸೊಕ್ಕು ನಿನಗ."

ರಮಾ ಅಕ್ಕಿ ತೊಳೆದು ಒಲೆಗಿಟ್ಟಳು. ಓಬಳಪ್ಪ ಇಬ್ಬರನ್ನೂ ನೋಡಿ, ಟಿವಿಯ ಸದ್ದು ಜೋರು ಮಾಡಿದ.

ಆದರೂ ತಾಯಕ್ಕ ಕಲ್ಲು ಮನಸ್ಸಿನವಳಲ್ಲ. ವಾರವಿಡೀ ಮಲ್ಲಿ ಹುಲ್ಲು ತಿನ್ನುವುದನ್ನು, ಲದ್ದಿ ಮೊದಲಿನಂತೆ ಸಡಿಲವಾಗಿ ಬೀಳುವುದನ್ನು ಕಣ್ಣಾರೆ ಕಂಡಳು. ಶುಕ್ರವಾರ ತಾನೇ ಒಂದು ಹಿಡಿ ಹುಲ್ಲು ಒದರಿ ಗೋದಲಿಗೆ ಹಾಕಿ, "ಕಣ್ಣಾಗ ಕಳೆ ಬಂತಲ್ಲಬೇ" ಎಂದಳು. ಶನಿವಾರದ ಹೊತ್ತಿಗೆ ಮನೆಯಲ್ಲಿ ಎರಡೇ ಕಟ್ಟು ಹುಲ್ಲು ಉಳಿದಿತ್ತು. ಭಾನುವಾರ ಬಂದರೆ ಟೆಂಪೊ ಸಿಗುತ್ತದೆ ಎಂದು ರಾಮಾಂಜಿನಿ ಫೋನು ಮಾಡಿದ.

"ನೀ ಹೋಗಿ ಬಾ. ಗೇಟಿನ್ಯಾಗ ನಾನು ಇರ್ತೀನಿ" ಎಂದಳು ತಾಯಕ್ಕ. "ಯಾರನ್ನೂ ಒಳಗ ಬಿಡೂದಿಲ್ಲ. ಮೈಲಾರಲಿಂಗನ ಆಣಿ."

ಕಂಪ್ಲಿಯಲ್ಲಿ ತಮ್ಮನ ಹೆಂಡತಿ ಶಿಲ್ಪಶ್ರೀ ಚಪಾತಿ, ಹೆಸರುಕಾಳು ಪಲ್ಯ ಮಾಡಿದ್ದಳು. ರಾಮಾಂಜಿನಿ ಅಕ್ಕನಿಗೆ ಮೊದಲು ತೋರಿಸಿದ್ದು ಗದ್ದೆಯಲ್ಲಿ ಮಷಿನ್ನು ಸುತ್ತಿಟ್ಟ ಭತ್ತದ ಹುಲ್ಲಿನ ಉಂಡೆಗಳನ್ನು. "ಇದ ಒಯ್ಯಿ ಅಕ್ಕ. ಕಾಲುವಿ ಮ್ಯಾಲಿನ ಹುಲ್ಲು ಕೊಯ್ಯಾಕ ಆಳು ಸಿಗೂದಿಲ್ಲ" ಎಂದ. ರಮಾ ಒಂದು ಉಂಡೆಯ ಒಳಗೆ ಕೈ ಹಾಕಿ ಒಂದು ಹಿಡಿ ಹಿರಿದು ಮೂಸಿದಳು. ಹಸಿ ಇದ್ದಾಗಲೇ ಸುತ್ತಿದ್ದು, ನಡುವೆ ಬೂಸ್ಟು ಹಿಡಿದಿತ್ತು. "ಬ್ಯಾಡ" ಎಂದಳು. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುಡುಗೋಲು ಹಿಡಿದು ಕಾಲುವೆ ದಂಡೆಗೆ ನಡೆದಳು. ವಾರದ ಹಿಂದೆ ಯಾರೋ ದನಕ್ಕೆಂದು ಕೊಯ್ದು ಒಣಗಿಸಿಟ್ಟ ಗರಿಕೆ ಒಂದಿಷ್ಟಿತ್ತು, ಮಾತಾಡಿ ಅದನ್ನು ಕೊಂಡಳು. ಬರುವ ವಾರಕ್ಕೆ ಆಗಲಿ ಎಂದು ತಾನೂ ಎರಡು ತಾಸು ಕೊಯ್ದು ಹರವಿ ಬಂದಳು. ರಾಮಾಂಜಿನಿ ಬೈಯುತ್ತಲೇ ಜೊತೆಗೆ ಕೊಯ್ದ. "ಅಪ್ಪನ ಹಂಗ ಹಟಮಾರಿ ನೀನು" ಎಂದಾಗ ರಮಾಳಿಗೆ ಒಂದು ಗಳಿಗೆ ಹಿತವೆನ್ನಿಸಿತು. ಹದಿನೈದು ಕಟ್ಟು ಹುಲ್ಲು ಹೇರಿಕೊಂಡು ಟೆಂಪೊ ಐದು ಗಂಟೆಗೆ ಹೊರಟಿತು.

ಮನೆ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಮಲ್ಲಿ ಷೆಡ್ಡಿನಲ್ಲಿ ಬಿದ್ದು ಹೊರಳುತ್ತಿತ್ತು. ಮೈಯೆಲ್ಲ ಬೆವರು. ಬಿಳಿ ಕೂದಲಿಗೆ ಮಣ್ಣು ಮೆತ್ತಿ ಕೆಂಪಾಗಿತ್ತು. ಓಬಳಪ್ಪ ಹಗ್ಗ ಹಿಡಿದು ಎಬ್ಬಿಸಲು ನೋಡುತ್ತಿದ್ದ, ಅಂಜಲಿ ಡಾಕ್ಟರಿಗೆ ಫೋನಿನ ಮೇಲೆ ಫೋನು ಮಾಡುತ್ತಿದ್ದಳು. ಗೋಡೆಯ ಬದಿಗೆ ಒಂದು ಬಕೆಟ್ಟಿತ್ತು. ಅದರ ತಳದಲ್ಲಿ ನೆನೆಸಿದ ಕಡಲೆಯ ಸಿಪ್ಪೆ, ಬೆಲ್ಲದ ನೀರು.

"ಯಾರನ್ನ ಬಿಟ್ರಿ ಅತ್ತಿ ಒಳಗ?"

"ಯಾರನ್ನೂ ಬಿಟ್ಟಿಲ್ಲ. ಇಪ್ಪತ್ತೆರಡು ಮಂದಿ ಬಂದಿದ್ರು. ಎಲ್ಲಾರನ್ನೂ ಹಿಂದ ಕಳಿಸೀನಿ. ಹಂಪಮ್ಮನ್ನ ಕೇಳು ಬೇಕಾರ."

"ಮತ್ತ ಇದೇನು?"

ತಾಯಕ್ಕ ಸೆರಗಿನ ತುದಿ ತಿರುವಿದಳು. "ನಂದೊಂದು ಹರಕಿ ಇತ್ತು. ಅಂಜಲಿ ಪಾಸಾಗಲಿ ಅಂತ ಪರೀಕ್ಷಿಕಿಂತ ಮೊದಲ ಹೊತ್ತಿದ್ದೆ. ಮಂದಿ ಹರಕಿ ತಿರುಗಿಸಿ ಕಳಿಸಬೋದು, ಮನಿ ಹರಕಿ ಹೆಂಗ ತಿರುಗಿಸಲಿ? ಒಂದೀಟು ತಿನ್ನಿಸೀನಿ. ಒಂದೀಟ."

ಡಾಕ್ಟರು ಬಂದರು. ಪೈಪು ಇಳಿಸಿದರು, ಸೂಜಿ ಹಾಕಿದರು, ಹೊಟ್ಟೆಗೆ ಕಿವಿ ಇಟ್ಟು ಕೇಳಿದರು. ಹೋಗುವಾಗ ಓಬಳಪ್ಪನ ಹೆಗಲ ಮೇಲೆ ಕೈ ಇಟ್ಟರು. ಬೆಳಗಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎಂಟು ಗಂಟೆಗೆ ಜೆಸಿಬಿ ಕರೆಸಿ, ಪರಿಚಯದವರ ಹೊಲದ ಬದುವಿನಲ್ಲಿ ಹೂತು ಬಂದರು. ಮಲ್ಲಿಯ ಮೇಲೆ ಮಣ್ಣು ಬೀಳುವಾಗ ರಮಾ ನಿಂತು ನೋಡಿದಳು. ಅವಳಿಗೆ ಏನೂ ಅನ್ನಿಸಲಿಲ್ಲ. ಅನ್ನಿಸಬೇಕಿತ್ತಲ್ಲ ಎಂದು ಮಾತ್ರ ಅನ್ನಿಸಿತು. ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು ರೊಟ್ಟಿ ತಟ್ಟಿದಳು.

"ವಯಸ್ಸಾಗಿತ್ತು" ಎಂದ ಓಬಳಪ್ಪ, ಊಟಕ್ಕೆ ಕೂತಾಗ.

"ಹೌದಪ್ಪ, ವಯಸ್ಸಾಗಿತ್ತು" ಎಂದಳು ತಾಯಕ್ಕ.

ಆ ವಾರವೆಲ್ಲ ಮನೆಯಲ್ಲಿ ಅದೊಂದೇ ಮಾತು. ಓಣಿಯವರು ಬಂದು ಕೇಳಿದರೆ ವಯಸ್ಸಾಗಿತ್ತು. ಫೋನಿನಲ್ಲಿ ರಾಮಾಂಜಿನಿ ಕೇಳಿದರೆ ವಯಸ್ಸಾಗಿತ್ತು. ಮದುವೆಗೆ ಕುದುರೆ ಬೇಕೆಂದವರಿಗೂ ವಯಸ್ಸಾಗಿತ್ತು. ರಮಾ ಆ ಮಾತನ್ನು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಯಾರಾದರೂ ಒಬ್ಬರು ಇದ್ದದ್ದನ್ನು ಇದ್ದಂತೆ ಬಾಯಿಬಿಟ್ಟು ಹೇಳಲಿ ಎಂದು ಕಾಯುತ್ತಿದ್ದಳು, ಅಷ್ಟೆ. ಹೊತ್ತಿಗೆ ಸರಿಯಾಗಿ ಅತ್ತೆಯ ತಾಟು ಪಡಸಾಲೆಯಲ್ಲಿ ಇಡುತ್ತಿದ್ದಳು, ಇಟ್ಟವಳೇ ಒಳಗೆ ಹೋಗುತ್ತಿದ್ದಳು. ಅತ್ತೆ ಸೊಸೆಯ ನಡುವೆ ಆರು ದಿನ ಒಂದೇ ಒಂದು ಮಾತಿಲ್ಲ. ಹುಲ್ಲಿನ ಕಟ್ಟುಗಳನ್ನು ಹಂಪಮ್ಮ ತನ್ನ ಎಮ್ಮೆಗೆ ಒಯ್ಯುತ್ತೇನೆಂದಾಗ "ಒಯ್ರಿ" ಎಂದಳು.

ಶುಕ್ರವಾರ ಅಂಜಲಿಯ ರಿಸಲ್ಟು ಬಂತು. ಫಸ್ಟ್ ಕ್ಲಾಸು. ಓಬಳಪ್ಪ ಕಂಪನಿಯ ಬಸ್ಸಿನಲ್ಲೆಲ್ಲ ಪೇಡೆ ಹಂಚಿದ. ಮನೆಯಲ್ಲಿ ಮಾತ್ರ ಯಾರೂ ಜೋರಾಗಿ ಸಂತೋಷಪಡಲಿಲ್ಲ. ಅಂಜಲಿ ಅಜ್ಜಿಯ ಕಾಲು ಮುಟ್ಟಲು ಬಾಗಿದರೆ ತಾಯಕ್ಕ ಕಾಲು ಹಿಂದಕ್ಕೆಳೆದುಕೊಂಡಳು.

ಭಾನುವಾರ ಹತ್ತು ಗಂಟೆಗೆ ಗೇಟಿನ ಮುಂದೆ ಆಟೊ ನಿಂತಿತು. ಸುದ್ದಿ ತಿಳಿಯದ ಒಬ್ಬ ಹೆಂಗಸು ಮರಿಯಮ್ಮನಹಳ್ಳಿಯಿಂದ ಕಡಲೆಯ ತಾಟು ಹಿಡಿದು ಬಂದಿದ್ದಳು. ತಾಯಕ್ಕ ಕಟ್ಟೆಯ ಮೇಲೆ ಕೂತಿದ್ದಳು. ರಮಾ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಕುದುರಿ ಹೋತವ್ವಾ" ಎಂದಳು ಎದುರು ಮನೆಯ ಹಂಪಮ್ಮ, ತನ್ನ ಬಾಗಿಲಿಂದಲೇ. "ವಯಸ್ಸಾಗಿತ್ತು. ಆದ್ರೂ ದೇವರ ಕುದುರಿ ನೋಡು, ತಾಯಕ್ಕನ ಹರಕಿ ತೊಗೊಂಡ ಹೋತು. ಮೊಮ್ಮಗಳು ಫಸ್ಟ್ ಕ್ಲಾಸಿನ್ಯಾಗ ಪಾಸಾಗ್ಯಾಳ!"

"ಏಳುಕೋಟಿ!" ಎಂದು ಬಂದ ಹೆಂಗಸು ಕೈಮುಗಿದಳು. "ಎಂಥಾ ಪುಣ್ಯವಂತ್ರು ನೀವು ತಾಯವ್ವ."

ತಾಯಕ್ಕ ಎದ್ದು ನಿಂತಳು. ಗೇಟಿನ ಸರಳು ಹಿಡಿದುಕೊಂಡಳು.

"ಪುಣ್ಯ ಏನಿಲ್ಲವ್ವಾ" ಎಂದಳು. "ಹುಡುಗಿ ಓದಿ ಪಾಸಾಗ್ಯಾಳ. ವಯಸ್ಸಾಗಿ ಸತ್ತಿಲ್ಲ ಕುದುರಿ. ಹುಲ್ಲು ಬಿಟ್ಟು ಏನೂ ಹಾಕಬ್ಯಾಡ್ರಿ ಅಂತ ಡಾಕ್ಟರ್ ಹೇಳಿದ್ರು, ಸೊಸಿ ಹೇಳಿದ್ಲು. ಆಕಿ ಹುಲ್ಲು ತರಾಕ ಹೋದಾಗ ನಾನು ಹರಕಿದು ಐದು ಸೇರು ಕಡ್ಲಿ ತಿನ್ನಿಸೀನಿ. ಇಷ್ಟಿಷ್ಟ ಬಾಯಿಗಿ ಹಿಡಿದು, ಐದೂ ಸೇರು. ನನ್ನ ಕೈಲೆ ಸತ್ತೈತಿ."

ಮೊರದಲ್ಲಿದ್ದ ಜೋಳ ರಮಾಳ ಕೈಯಿಂದ ಚೆಲ್ಲಿತು. ಐದು ಸೇರು! ಅಪ್ಪ ಸತ್ತಾಗಿನಿಂದ ಎದೆಯಲ್ಲಿ ಎಲ್ಲೋ ಸೆಟೆದು ಕೂತಿದ್ದದ್ದು ಒಮ್ಮೆಲೇ ಎದ್ದಿತು. ದುಃಖವಲ್ಲ, ಸಿಟ್ಟು.

"ಐದು ಸೇರಾ!" ಎಂದು ಕೂಗಿದಳು. ಓಣಿ ಅವಳ ಗಂಟಲು ಕೇಳಿದ್ದು ಅದೇ ಮೊದಲು. "ಒಂದೀಟು ಅಂದ್ರಲ್ಲ ನೀವು! ನಾನು ಹೇಳಿರಲಿಲ್ಲೇನು? ಬಾಯಿ ಬಡಕೊಂಡು ಹೇಳಿರಲಿಲ್ಲೇನು? ಬಿಸಿಲಾಗ ಎರಡು ತಾಸು ಹುಲ್ಲು ಕೊಯ್ದು ಬಂದೆ ನಾನು! ನಮ್ಮಪ್ಪಂದು ಅಂತ ಅದೊಂದ ಇತ್ತು ನನಗ. ಅದೊಂದ!"

"ಬೈಯಿ" ಎಂದಳು ತಾಯಕ್ಕ. "ಇನ್ನೂ ಬೈಯಿ."

ಬೈದಳು. ಬಾಯಿಗೆ ಬಂದದ್ದೆಲ್ಲ ಬೈದಳು. ಮರಿಯಮ್ಮನಹಳ್ಳಿಯ ಹೆಂಗಸು ತಾಟು ಎದೆಗವುಚಿಕೊಂಡು ಆಟೊ ಹತ್ತಿದಳು, ಹಂಪಮ್ಮ ಬಾಗಿಲು ಹಾಕಿಕೊಂಡಳು. ತಾಯಕ್ಕ ಅಲ್ಲೇ ನಿಂತಿದ್ದಳು. ನಿಂತವಳು ಹಾಗೇ ಸರಳು ಹಿಡಿದು ಕುಸಿದು ಕೂತಳು.

ಅಂಜಲಿ ಓಡಿಬಂದು ಅಜ್ಜಿಯನ್ನು ಹಿಡಿದುಕೊಂಡಳು. "ಸಾಕು ಬಿಡು ಅವ್ವಾ. ಆರು ದಿನದಿಂದ ಅಜ್ಜಿ ಉಂಡಿಲ್ಲ."

"ಉಂಡಿಲ್ಲ ಅಂದ್ರ?"

"ನೀ ಇಟ್ಟಿದ್ದನ್ನ ಹಂಪಮ್ಮನ ಎಮ್ಮಿಗಿ ಹಾಕಿ ಬರ್ತಾಳ. ಚಾ, ಹಿಡಿ ಮಂಡಕ್ಕಿ, ಅಷ್ಟ. ನಿನಗ ಗೊತ್ತಿಲ್ಲೇನು?"

ಗೊತ್ತಿರಲಿಲ್ಲ. ಕುದುರೆಯ ಗೋದಲಿಯಲ್ಲಿ ಏನು ಉಳಿಯಿತೆಂದು ದಿನಾ ನೋಡುತ್ತಿದ್ದವಳು, ಅತ್ತೆಯ ತಾಟಿನ ಕಡೆ ಆರು ದಿನ ತಿರುಗಿಯೂ ನೋಡಿರಲಿಲ್ಲ. ರಮಾ ಒಳಗೆ ಹೋದಳು. ಬೆಳಗಿನ ರೊಟ್ಟಿ ಗಟ್ಟಿಯಾಗಿತ್ತು. ಅದನ್ನು ಮುರಿದು ಬಿಸಿ ಬೇಳೆಸಾರಿನಲ್ಲಿ ನೆನೆಸಿ, ತಾಟು ತಂದು ಅತ್ತೆಯ ಮುಂದಿಟ್ಟಳು. ಈ ಸಲ ಎದ್ದು ಹೋಗಲಿಲ್ಲ. ಎದುರಿಗೆ ನೆಲದ ಮೇಲೆ ಕೂತಳು.

ತಾಯಕ್ಕ ತಾಟಿಗೆ ಕೈ ಹಾಕಲಿಲ್ಲ. "ನನ್ನ ಮ್ಯಾಲಿನ ಸಿಟ್ಟು ಹೋತೇನವ್ವಾ?" ಎಂದಳು.

"ಹೋಗಿಲ್ಲ" ಎಂದಳು ರಮಾ. "ಹೋಗೂದೂ ಇಲ್ಲ. ಉಣ್ರಿ."